ಬಿಟ್ಟಿದ್ದೇನೋ ಸರಿ, ಆಮೇಲೆ?

ರಾಜಾಜಿನಗರದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು. ಬಸ್ಸಿನಲ್ಲಿ ‘ರಾಜಾಜಿನಗರ ಒಂದು ಕೊಡಿ’ ಎಂದು ಟಿಕೆಟ್ಟು ಕೇಳುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ರಾಜಾಜಿಯವರ ನೆನಪಿದೆಯೋ ಕಾಣೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ ಈ ಬಡಾವಣೆಗೆ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರಿಟ್ಟರು. ಜೀವಮಾನವಿಡೀ ಹೆಂಡದಂಗಡಿಯ ವಿರುದ್ಧ ನಿಂತವರು ಅವರು. ಈಗ ಅದೇ ಹೆಸರಿನ ಬಡಾವಣೆಯಲ್ಲಿ ತರಕಾರಿ ಚೀಲ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಒಂದು ಬಾರು, ಇನ್ನು ನಾಲ್ಕು ಹೆಜ್ಜೆಗೆ ಒಂದು ವೈನ್ ಶಾಪು.

ರಾಜಾಜಿ ನಮಗೆ ದೂರದವರೇನಲ್ಲ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು, ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ಕೆಲವೇ ತಿಂಗಳಲ್ಲಿ, ಅಕ್ಟೋಬರ್ 1ರಿಂದ, ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಗೆ ತಂದರು. ಹೊಸೂರು ಆಗ ಸೇಲಂ ಜಿಲ್ಲೆಗೇ ಸೇರಿತ್ತು. ಅಂದರೆ ಪಾನನಿರೋಧ ನಮ್ಮ ಅತ್ತಿಬೆಲೆಯ ಗಡಿಯವರೆಗೂ ಬಂದು ನಿಂತಿತ್ತು. ಅಬಕಾರಿ ವರಮಾನ ಖೋತಾ ಆಯಿತಲ್ಲ, ಅದನ್ನು ತುಂಬಿಕೊಳ್ಳಲು 1939ರಲ್ಲಿ ಅವರು ತಂದದ್ದು ಮಾರಾಟ ತೆರಿಗೆ. ಪಾನನಿರೋಧದ ಆಸೆ ಹೋದರೂ ಆ ತೆರಿಗೆ ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಉಳಿದುಕೊಂಡಿತು ನೋಡಿ!

ನಮ್ಮಲ್ಲೂ ಹಾಗೆಯೇ. ಮೈಸೂರು ರಾಜ್ಯದಲ್ಲಿ ಹಂತಹಂತವಾಗಿ ಬಂದ ಪಾನನಿರೋಧ 1967ರಲ್ಲಿ ತೆರವಾಯಿತು. 1981ರ ಜುಲೈನಲ್ಲಿ ಬೆಂಗಳೂರೂ ಸೇರಿದಂತೆ ರಾಜ್ಯದ ಹಲವೆಡೆ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸರ ಮುಖದಲ್ಲಿ ಬೆಳಕು ಕಂಡಿದ್ದೆ. ಆದರೆ ಪ್ಯಾಕೆಟ್ಟು ಹೋದ ಜಾಗಕ್ಕೆ ಸ್ವಲ್ಪ ದಿನದಲ್ಲೇ ಅಗ್ಗದ ವಿಸ್ಕಿ, ಬ್ರಾಂದಿ ಬಂದವು. 2019ರ ಜನವರಿಯಲ್ಲಿ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು.

ಅಂಗಡಿ ಮುಚ್ಚಿಸುವ ಹೋರಾಟ ದೊಡ್ಡದು, ನಿಜ. ಆದರೆ ಕುಡಿತ ಆಗಲೇ ಕಾಯಿಲೆಯಾಗಿ ಮೈಯಲ್ಲಿ ಕೂತಿರುವವನ ಗತಿ ಏನು? ಅವನು ಒಂದು ದಿನ ಮನಸ್ಸು ಮಾಡಿ ಆಸ್ಪತ್ರೆಗೆ ಸೇರಿ, ಬಿಡಿಸಿಕೊಂಡು ಮನೆಗೆ ಬಂದ ಅನ್ನಿ. ಮಾರನೆಯ ದಿನ ಸಂಜೆ ಆರು ಗಂಟೆಗೆ ಅವನು ಎಲ್ಲಿರಬೇಕು, ಏನು ಮಾಡಬೇಕು? ಇದಕ್ಕೆ ಯಾವ ಕಾನೂನಿನಲ್ಲೂ ಉತ್ತರವಿಲ್ಲ.

ಈ ಚರಿತ್ರೆಯನ್ನೆಲ್ಲ ನಾನು ಓದಲು ಹಿಡಿದದ್ದು, ಬಸವೇಶ್ವರನಗರದಲ್ಲಿರುವ ನನ್ನ ಮೈದುನ ಚಿಕಿತ್ಸೆ ಮುಗಿಸಿ ಮನೆಗೆ ಬಂದ ವರ್ಷ. ಅವನ ಬೆನ್ನ ಹಿಂದೆ ಬಂಧುಗಳು ‘ಹುಟ್ಟು ಗುಣ ಸುಟ್ಟರೂ ಹೋಗದು’ ಎಂದು ಗಾದೆ ಹೇಳುತ್ತಿದ್ದರು. ನನಗೆ ಸಿಟ್ಟು ಬಂತು. ಕುಡಿತ ಯಾರ ಹುಟ್ಟುಗುಣವೂ ಅಲ್ಲವಲ್ಲ!

ಓದುವಾಗ ಸಿಕ್ಕಿದ್ದು ಅಮೆರಿಕದ ಒಂದು ಸಂಗತಿ, ಸೇಲಂನ ಪಾನನಿರೋಧಕ್ಕಿಂತ ಎರಡು ವರ್ಷ ಹಿಂದಿನದು. ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ಕುಡಿತದಿಂದ ಹಾಳಾಗಿ, ನ್ಯೂಯಾರ್ಕಿನ ಆಸ್ಪತ್ರೆಗೆ ಮತ್ತೆ ಮತ್ತೆ ಸೇರಿ, 1934ರ ಡಿಸೆಂಬರಿನಲ್ಲಿ ಕೊನೆಯ ಸಲ ಹೊರಗೆ ಬಂದ. ಐದು ತಿಂಗಳ ಮೇಲೆ ವ್ಯವಹಾರಕ್ಕೆಂದು ಆಕ್ರನ್ ಎಂಬ ಊರಿಗೆ ಹೋದ. ವ್ಯವಹಾರ ಕೆಟ್ಟಿತು. ಕೈಯಲ್ಲಿ ಕಾಸಿಲ್ಲ, ಗುರುತಿನವರಿಲ್ಲ. ಹೋಟೆಲಿನ ಮೊಗಸಾಲೆಯಲ್ಲಿ ನಿಂತರೆ ಒಂದು ಕಡೆ ಬಾರಿನ ಗಲಗಲ, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನ ಕಡೆ ಹೋದ. ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬರು ಬೇಕು, ಅವರ ಜೊತೆ ಮಾತಾಡಿದರೆ ತಾನು ಉಳಿದೇನು ಎಂದು ಹುಡುಕಿದ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಡಾಕ್ಟರು ಆಮೇಲೂ ಒಮ್ಮೆ ಜಾರಿದರು. ಮತ್ತೆ ಎದ್ದರು. ಅವರು ಕೊನೆಯ ಸಲ ಕುಡಿದ 1935ರ ಜೂನ್ 10ನೇ ತಾರೀಖನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಇಂಡಿಯಾದಲ್ಲಿ ಅದು ಶುರುವಾದದ್ದು 1957ರಲ್ಲಿ. ಈಗ ನಮ್ಮ ನಗರದಲ್ಲೂ ಶಾಲೆಯ ಕೋಣೆ, ಚರ್ಚಿನ ಹಾಲುಗಳಲ್ಲಿ ಅದರ ಸಭೆಗಳು ನಡೆಯುತ್ತವೆ. ಚಂದಾ ಇಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಜಾತಿ ಕೇಳುವುದಿಲ್ಲ.

ಹೆಂಗಸರ ಕಥೆಯೂ ಇದೆ. ಗಂಡಂದಿರು ಒಳಗೆ ಸಭೆ ನಡೆಸುವಾಗ ಹೊರಗೆ ಕಾದು ಕೂತ ಹೆಂಡತಿಯರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ತಮಗೂ ಗುಣವಾಗಬೇಕಾದದ್ದು ಬಹಳ ಇದೆ ಎಂದು ಅವರಿಗೆ ತಿಳಿಯಿತು. ಬಿಲ್‌ನ ಹೆಂಡತಿ ಲೋಯಿಸ್ 1951ರಲ್ಲಿ ಮನೆಯವರಿಗಾಗಿಯೇ ‘ಅಲನಾನ್’ ಎಂಬ ಬಳಗ ಕಟ್ಟಿದಳು. ನಮ್ಮ ಪಕ್ಕದ ಮದ್ರಾಸಿನಲ್ಲಿ, ಕುಡಿತದಿಂದ ಗಂಡನನ್ನು ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಗಂಡನ ಹೆಸರಿನಲ್ಲೇ ಸಂಸ್ಥೆ ಕಟ್ಟಿ ಚಿಕಿತ್ಸೆಗೆ ನಿಂತರು. ಅಲ್ಲಿ ರೋಗಿಯ ಮನೆಯವರಿಗೂ ಪಾಠ, ಸಲಹೆ ಎಲ್ಲ ಉಂಟು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದುಃಖವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂರಬಹುದಿತ್ತು, ಕೂರಲಿಲ್ಲ.

ಕರ್ನಾಟಕದಲ್ಲೂ ದಾರಿಗಳು ತೆರೆದವು. ನಿಮ್ಹಾನ್ಸ್‌ನಲ್ಲಿ 1991ರಲ್ಲಿ ವ್ಯಸನಮುಕ್ತಿ ಕೇಂದ್ರ ಶುರುವಾಯಿತು. ಅದೇ ದಶಕದ ಆರಂಭದಲ್ಲಿ ಧರ್ಮಸ್ಥಳದವರು ಜನಜಾಗೃತಿ ವೇದಿಕೆಯ ಮೂಲಕ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸತೊಡಗಿದರು. ನನಗೆ ಮೆಚ್ಚುಗೆಯಾದದ್ದು ಶಿಬಿರಕ್ಕಿಂತ ಅದರ ಮುಂದಿನ ಭಾಗ. ಒಂದು ವಾರದ ಶಿಬಿರ ಮುಗಿಸಿದವರನ್ನು ಹಾಗೇ ಬಿಡದೆ ‘ನವಜೀವನ ಸಮಿತಿ’ ಎಂದು ಕೂಡಿಸುತ್ತಾರೆ. ಅವರು ಆಗಾಗ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಆಕ್ರನ್‌ನ ಇಬ್ಬರು ಕಂಡುಕೊಂಡದ್ದೂ ಇದನ್ನೇ ಅಲ್ಲವೇ? ಬಿಡಿಸುವುದು ಡಾಕ್ಟರು. ಬಿಟ್ಟದ್ದನ್ನು ಉಳಿಸುವುದು ಜೊತೆ.

ಬಿಡುವ ಮೊದಲ ದಿನಗಳಲ್ಲಂತೂ ಡಾಕ್ಟರು ಬೇಕೇ ಬೇಕು. ವರ್ಷಗಟ್ಟಲೆ ಕುಡಿದವನು ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಒಂದೆರಡು ದಿನದಲ್ಲಿ ಫಿಟ್ಸ್ ಬರುತ್ತದೆ, ಇನ್ನು ಕೆಲವರಿಗೆ ಎರಡರಿಂದ ನಾಲ್ಕನೇ ದಿನದೊಳಗೆ ಬುದ್ಧಿ ಭ್ರಮಿಸಿ ಇಲ್ಲದ್ದು ಕಾಣುತ್ತದೆ, ಪ್ರಾಣಕ್ಕೂ ಅಪಾಯ. ಕೋಣೆಗೆ ಕೂಡಿ ಚಿಲಕ ಹಾಕುವುದು ಚಿಕಿತ್ಸೆಯಲ್ಲ. ಇನ್ನೊಂದು ಮಾತು. ‘ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುತ್ತಾರೆ’ ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಎಂಬ ಮಾತ್ರೆ 1948ರಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂತು. ಅದು ನಿಜವಾದ ಔಷಧಿಯೇ. ಆದರೆ ತಿಳಿಯದೆ ಅದನ್ನು ನುಂಗಿದವನು ಕುಡಿದರೆ ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾಯಲೂಬಹುದು. ಅವನ ಒಪ್ಪಿಗೆ, ಡಾಕ್ಟರ ಚೀಟಿ ಎರಡೂ ಇಲ್ಲದೆ ಕೊಡಬಾರದು.

ನಮ್ಮ ಮೈದುನ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಾನೆ. ‘ಅತ್ತಿಗೆ, ಆಸ್ಪತ್ರೆಯಲ್ಲಿ ಕುಡಿಯದೆ ಇರೋದು ಕಷ್ಟ ಅಲ್ಲ. ಶನಿವಾರ ಬಟವಾಡೆ ಆದಮೇಲೆ ಮಾಗಡಿ ರಸ್ತೇಲಿ ನಡಕೊಂಡು ಬರ್ತೀನಲ್ಲ, ಅದು ಕಷ್ಟ’ ಎಂದಿದ್ದ. ಬಟವಾಡೆಯ ಹಣ ನೇರ ಬ್ಯಾಂಕಿಗೆ ಹೋಗುವಂತೆ ಅವನೇ ಮಾಡಿಸಿಕೊಂಡ. ಮನೆಗೆ ಬರುವ ದಾರಿ ಬದಲಿಸಿದ. ಬಂದ ಕೂಡಲೇ ಹಸಿವಾಗುತ್ತದೆ ಎಂದು ನನ್ನ ಓರಗಿತ್ತಿ ಬಿಸಿಬಿಸಿ ಉಪ್ಪಿಟ್ಟೋ ಅವಲಕ್ಕಿಯೋ ಮಾಡಿಡುತ್ತಿದ್ದಳು. ಹೊಟ್ಟೆ ತುಂಬಿದರೆ ಅರ್ಧ ಚಪಲ ಇಳಿಯುತ್ತದೆ ಎಂದು ಅವನೇ ಹೇಳುತ್ತಿದ್ದ. ಆರರಿಂದ ಎಂಟು ಗಂಟೆಯವರೆಗೆ ಅವನು ವಾರದಲ್ಲಿ ಮೂರು ದಿನ ಸಭೆಯಲ್ಲಿ, ಉಳಿದ ದಿನ ಮಗಳ ಲೆಕ್ಕದ ಪುಸ್ತಕದ ಮುಂದೆ. ನಿದ್ದೆ ಸರಿಹೋಗಲು ತಿಂಗಳುಗಳೇ ಬೇಕಾದವು. ಮದುವೆ ಮನೆಗಳಲ್ಲಿ ಊಟವಾದ ತಕ್ಷಣ ಎದ್ದುಬಿಡುತ್ತಿದ್ದರು, ಜನ ಏನಾದರೂ ಅಂದುಕೊಳ್ಳಲಿ ಎಂದು.

ಏಳನೇ ತಿಂಗಳಲ್ಲಿ ಒಂದು ಸಲ ಜಾರಿದ. ಮನೆ ಸ್ಮಶಾನದ ಹಾಗಾಯಿತು. ಆದರೆ ಮಾರನೆಯ ದಿನ ಅವನೇ ಸಭೆಗೆ ಹೋಗಿ ಹೇಳಿಕೊಂಡ. ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ವಿವರಿಸಿದ್ದು ಇದನ್ನೇ. ಒಂದು ದಿನ ಜಾರುವುದು ಬೇರೆ, ಪೂರ್ತಿ ಹಳೆಯ ದಾರಿಗೆ ಮರಳುವುದು ಬೇರೆ. ‘ಎಲ್ಲಾ ಮುಗಿಯಿತು, ನಾನು ಇಷ್ಟೇ’ ಎಂಬ ನಿರಾಶೆಯೇ ಮೊದಲನೆಯದನ್ನು ಎರಡನೆಯದಾಗಿ ಮಾಡುತ್ತದೆ. ಮನೆಯವರ ಚುಚ್ಚುಮಾತು ಆ ನಿರಾಶೆಗೆ ಗೊಬ್ಬರ. ಹಾಗೆಂದು ಅವನು ಜಾರಿದ್ದಕ್ಕೆ ಹೆಂಡತಿ ಹೊಣೆಯಲ್ಲ. ‘ನೀನು ಸರಿಯಾಗಿ ನೋಡಿಕೊಂಡಿದ್ದರೆ’ ಎಂದು ಅತ್ತೆಯವರು ಶುರುಮಾಡಿದಾಗ ನಾನು ಅಡ್ಡ ಬಾಯಿ ಹಾಕಿದೆ. ಓರಗಿತ್ತಿಗೂ ಒಂದು ಜೊತೆ ಬೇಕಿತ್ತು. ಈಗವಳು ತಿಂಗಳಿಗೆರಡು ಸಲ ವಿಜಯನಗರದಲ್ಲಿ ತನ್ನಂಥ ನಾಲ್ಕು ಹೆಂಗಸರ ಜೊತೆ ಕೂತು ಬರುತ್ತಾಳೆ. ಅವಳ ತಲೆನೋವು ಕಡಿಮೆಯಾಗಿದೆ. ಗಂಡನ ಅಂಗಿಯ ಜೇಬು ತಡಕುವುದನ್ನು ಬಿಟ್ಟಿದ್ದಾಳೆ. ಅವನು ಬಿಟ್ಟು ಒಂಬತ್ತು ವರ್ಷವಾಯಿತು. ‘ಒಂಬತ್ತು ವರ್ಷ ಅನ್ನಬೇಡಿ ಅತ್ತಿಗೆ, ಇವತ್ತೊಂದು ದಿನ ಅನ್ನಿ’ ಎನ್ನುತ್ತಾನೆ.

ಇಂಥ ಮನೆಗಳು ನಮ್ಮ ಬೀದಿಯಲ್ಲೇ ಇರುತ್ತವೆ, ನಾವು ಕಿಟಕಿ ಮುಚ್ಚಿಕೊಂಡಿರುತ್ತೇವೆ ಅಷ್ಟೆ. ಎಲ್ಲಿ ಕೇಳಬೇಕೆಂದು ತಿಳಿಯದವರಿಗೆ ಸರ್ಕಾರದ ‘ಟೆಲಿ ಮಾನಸ್’ ಇದೆ. 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಮಾಡಬಹುದು. ಚಿಕಿತ್ಸೆ ಮುಗಿಸಿ ಬಂದವರು ಪಕ್ಕದ ಮನೆಯಲ್ಲಿದ್ದರೆ ಗಾದೆ ಹೇಳುವುದು ಬೇಡ. ಸಂಜೆ ಆರು ಗಂಟೆಗೆ ಒಂದು ಲೋಟ ಕಾಫಿಗೆ ಕರೆಯಿರಿ, ಸಾಕು.