ಫರ್ಸಿ ಸೀಮೆಯ ವಿಮಾ ಏಜೆಂಟರು: ಒಂದು ವೃತ್ತಿಯ ನಿನ್ನೆ ಮತ್ತು ನಾಳೆ

ವಿಮಾ ಏಜೆಂಟ್ ಎಂದರೆ ವಿಮಾ ಸಂಸ್ಥೆಯ ಪರವಾಗಿ ಜನರಿಂದ ಪಾಲಿಸಿ ಮಾಡಿಸಿ, ಅವರು ಕಟ್ಟುವ ಕಂತಿನ ಮೇಲೆ ಕಮಿಷನ್ ಪಡೆಯುವವರು. ಅವರಿಗೆ ತಿಂಗಳ ಸಂಬಳವಿಲ್ಲ, ಪಿಂಚಣಿಯಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯಲ್ಲಿ ಈ ವೃತ್ತಿ ಬೇರೂರಲು ಮುಖ್ಯ ಕಾರಣ ನಾಲ್ಕು: ರೈಲು, ಕಲ್ಲು, ಸಿಮೆಂಟು ಮತ್ತು ತೊಗರಿ. ಕಂತು ಕಟ್ಟಬೇಕಾದರೆ ಮನೆಗೆ ಗೊತ್ತಾದ ದಿನಕ್ಕೆ ನಗದು ಬರಬೇಕು. ಆ ನಗದು ಬಂದದ್ದು ಈ ನಾಲ್ಕರಿಂದ.

1871ರಲ್ಲಿ ಮುಂಬೈ ಮತ್ತು ಮದ್ರಾಸಿನ ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು, ವಾಡಿ ಜಂಕ್ಷನ್ ಆಯಿತು. ಹಾಳೆಹಾಳೆಯಾಗಿ ಏಳುವ ಶಹಾಬಾದಿನ ಸುಣ್ಣದ ಕಲ್ಲು, ಜನರ ಬಾಯಲ್ಲಿ ಫರ್ಸಿ, ಅದೇ ರೈಲು ಹತ್ತಿ ದೂರದೂರಿನ ಮನೆಗಳ ನೆಲಹಾಸಾಯಿತು. ಆ ಕಲ್ಲೇ ಸಿಮೆಂಟಿಗೂ ಮೂಲ. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ರೂಪುಗೊಂಡಾಗ ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಇತ್ತು. 1968ರಲ್ಲಿ ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾಯಿತು. 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದಲ್ಲೂ ಸಿಮೆಂಟಿನ ಚಿಮಣಿಗಳು ಎದ್ದವು. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ಪಕ್ಕದಲ್ಲೇ ಪಾಳಿಯ ಸೈರನ್ ಕೂಗತೊಡಗಿತು.

ವಿಮೆಗಿಂತ ಮೊದಲು ಮತ್ತು ಮೊದಲ ವಿಮೆ

ವಿಮೆ ಬರುವ ಮೊದಲು ಕಷ್ಟಕ್ಕೆ ಒದಗುತ್ತಿದ್ದದ್ದು ನೆಂಟರು, ಮುಯ್ಯಿ, ಚೀಟಿ ಮತ್ತು ಸಾವುಕಾರನ ಸಾಲ. ದುಡಿಯುವ ಗಂಡಸು ತೀರಿಕೊಂಡರೆ ಹೊಲ ಅಡಮಾನಕ್ಕೆ ಹೋಗುತ್ತಿತ್ತು, ಇಲ್ಲವೇ ಮಕ್ಕಳು ಇನ್ನೊಬ್ಬರ ಮನೆಯ ದುಡಿಮೆಗೆ ಹೋಗುತ್ತಿದ್ದರು. ಆಗ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರ ಸರ್ಕಾರ 1907ರಲ್ಲಿ ತನ್ನ ನೌಕರರಿಗಾಗಿ ಜೀವವಿಮೆಯ ಏರ್ಪಾಡು ಮಾಡಿತು. ಮೈಸೂರು ಸಂಸ್ಥಾನ 1891ರಲ್ಲೇ ಅಂಥದೊಂದನ್ನು ಆರಂಭಿಸಿತ್ತು. ಎರಡರಲ್ಲೂ ಕಂತು ಸಂಬಳದಲ್ಲೇ ಕಡಿತವಾಗುತ್ತಿತ್ತು, ಏಜೆಂಟನ ಅಗತ್ಯವಿರಲಿಲ್ಲ. ಆದರೆ ಅದು ಸರ್ಕಾರಿ ನೌಕರರಿಗಷ್ಟೇ ದಕ್ಕುತ್ತಿತ್ತು. ರೈತ, ಖಣಿಯ ಕೂಲಿ, ಕಿರಾಣಿ ಅಂಗಡಿಯವ ಇದರ ಹೊರಗಿದ್ದರು. ಸಂಸ್ಥಾನದ ಹಾಲಿ ಸಿಕ್ಕಾ ಬೇರೆ, ಬ್ರಿಟಿಷ್ ಭಾರತದ ಕಲ್ದಾರ್ ರೂಪಾಯಿ ಬೇರೆ ಇದ್ದ ಆ ಕಾಲದಲ್ಲಿ ಹೊರಗಿನ ಕಂಪನಿಯ ಪಾಲಿಸಿ ಸಾಮಾನ್ಯರಿಗೆ ದೂರದ ಮಾತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. ಸೆಪ್ಟೆಂಬರ್ 1ರಂದು ಭಾರತೀಯ ಜೀವವಿಮಾ ನಿಗಮ ಹುಟ್ಟಿತು. 154 ಭಾರತೀಯ ಕಂಪನಿಗಳು, 16 ವಿದೇಶಿ ಕಂಪನಿಗಳು ಮತ್ತು 75 ಪ್ರಾವಿಡೆಂಟ್ ಸೊಸೈಟಿಗಳು ಅದರಲ್ಲಿ ಲೀನವಾದವು. ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಿಗಮಕ್ಕಿಂತ ಮೊದಲಿದ್ದ ಖಾಸಗಿ ವಿಮಾ ಕಂಪನಿಗಳು ದೊಡ್ಡ ಪಟ್ಟಣಗಳಲ್ಲೇ ಉಳಿದಿದ್ದವು, ಕೆಲವು ಮುಳುಗಿ ಜನರ ಹಣವೂ ಹೋಗಿತ್ತು. ವಿಮೆಯನ್ನು ಹಳ್ಳಿಗೆ ಮುಟ್ಟಿಸುವುದು ರಾಷ್ಟ್ರೀಕರಣದ ಮುಖ್ಯ ಗುರಿಗಳಲ್ಲಿ ಒಂದಾಗಿತ್ತು. ಮುಟ್ಟಿಸುವ ಕೆಲಸ ಏಜೆಂಟನ ಹೆಗಲಿಗೆ ಬಿತ್ತು.

ಏಜೆಂಟ್ ಮಾಡುತ್ತಿದ್ದ ಕೆಲಸ

ಪಾಲಿಸಿ ಮಾಡಿಸುವುದೆಂದರೆ ಮೊದಲು ಅರ್ಜಿ ತುಂಬಬೇಕು. ವಯಸ್ಸಿನ ಪುರಾವೆ ಬೇಕು. ಶಾಲೆಯ ಮೆಟ್ಟಿಲು ಹತ್ತದವರಿಗೆ ಅದೇ ದೊಡ್ಡ ತೊಡಕು. ಜಾತಕ, ರೇಷನ್ ಕಾರ್ಡು, ಹಿರಿಯರ ಹೇಳಿಕೆ ಇಂಥವುಗಳಿಂದ ವಯಸ್ಸನ್ನು ಸಾಬೀತು ಮಾಡಬೇಕಾಗುತ್ತಿತ್ತು. ಅರ್ಜಿದಾರ ಹೆಬ್ಬೆಟ್ಟು ಒತ್ತಿದರೆ, ಪ್ರಶ್ನೆಗಳನ್ನು ಆತನ ಭಾಷೆಯಲ್ಲಿ ಓದಿ ಹೇಳಿ ತಿಳಿಸಲಾಗಿದೆ ಎಂಬ ಘೋಷಣೆಗೆ ಇನ್ನೊಬ್ಬರು ಸಹಿ ಹಾಕಬೇಕು. ಈ ಸೀಮೆಯಲ್ಲಿ ಆ ಭಾಷೆ ಒಂದಲ್ಲ. ಪೇಟೆಯಲ್ಲಿ ಕನ್ನಡ ಮತ್ತು ದಖನಿ ಉರ್ದು, ಸೇಡಂ ಮತ್ತು ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತು. ಇವುಗಳಲ್ಲಿ ಎರಡು ಮೂರು ಬಲ್ಲವರಿಗೆ ಮಾತ್ರ ಈ ವೃತ್ತಿ ಕೈಹಿಡಿಯುತ್ತಿತ್ತು. 2011ರ ಜನಗಣತಿಯಲ್ಲೂ ಜಿಲ್ಲೆಯ ಸಾಕ್ಷರತೆ ಸುಮಾರು 65 ಪ್ರತಿಶತವಿತ್ತು. ರಾಜ್ಯದ್ದು 75ನ್ನು ದಾಟಿತ್ತು. ಓದಿ ಹೇಳುವವರ ಬೆಲೆ ಇದರಿಂದ ತಿಳಿಯುತ್ತದೆ.

ಅರ್ಜಿಯ ಜೊತೆಗೆ ಏಜೆಂಟ್ ಗೋಪ್ಯ ವರದಿಯನ್ನೂ ಕೊಡಬೇಕು. ಅರ್ಜಿದಾರನ ಆರೋಗ್ಯ, ಆದಾಯ, ಚಟ, ಕೆಲಸದ ಅಪಾಯ ಇವೆಲ್ಲವನ್ನೂ ತಾನು ಕಂಡಂತೆ ಬರೆಯಬೇಕು. ಖಣಿಯಲ್ಲಿ ಕಲ್ಲಿನ ಧೂಳು ಕುಡಿದು ಕೆಮ್ಮುವವನ ಎದೆಯ ಸ್ಥಿತಿ ಶಾಖೆಯ ಮೇಜಿಗೆ ಕಾಣುವುದಿಲ್ಲ, ಎದುರಿಗೆ ಕೂತವನಿಗೆ ಕೇಳಿಸುತ್ತದೆ. ವಿಮೆಯ ಪಠ್ಯಗಳು ಏಜೆಂಟನನ್ನು ಅಪಾಯ ಅಳೆಯುವ ಮೊದಲ ವ್ಯಕ್ತಿ ಎಂದು ಕರೆಯುವುದು ಇದೇ ಕಾರಣಕ್ಕೆ.

ಕಂತಿನ ಲಯವನ್ನು ಊರಿನ ದುಡಿಮೆಯೇ ಗೊತ್ತುಮಾಡುತ್ತಿತ್ತು. ಕಾರ್ಖಾನೆ ಮತ್ತು ಕಚೇರಿಯವರಿಗೆ ಸಂಬಳದಲ್ಲೇ ಕಡಿತವಾಗುವ ಯೋಜನೆ ಹೊಂದುತ್ತಿತ್ತು. ತೊಗರಿ ಬೆಳೆಯುವವರಿಗೆ ವರ್ಷದ ಕಂತೇ ಸಲೀಸು. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಯಾಗಿ ಮಾರುಕಟ್ಟೆಗೆ ಹೋದ ಮೇಲೆ ಕೈಯಲ್ಲಿ ದುಡ್ಡು ಆಡುತ್ತದೆ. ಮಾರ್ಚ್ ತಿಂಗಳ ಗುರಿಯ ಬೆನ್ನು ಹತ್ತಿದ ಏಜೆಂಟನಿಗೂ ಅದೇ ಸುಗ್ಗಿ. ಪಾಲಿಸಿ ಪತ್ರವನ್ನು ಜನ ‘ಬಾಂಡ್’ ಎಂದರು, ಟ್ರಂಕಿನಲ್ಲಿ ಹೊಲದ ಪಹಣಿಯ ಜೊತೆ ಜೋಪಾನ ಮಾಡಿದರು.

ನಂಬಿಕೆ ಮತ್ತು ಅದರ ಬಿರುಕು

ಕಮಿಷನ್ನಿನ ರಚನೆಯಲ್ಲೇ ಒಂದು ದೋಷವಿತ್ತು. ದೀರ್ಘಾವಧಿಯ ಸಾಮಾನ್ಯ ಪಾಲಿಸಿಗಳಲ್ಲಿ ಬೋನಸ್ ಕಮಿಷನ್ ಸೇರಿ ಮೊದಲ ವರ್ಷದ ಕಂತಿನ 35 ಪ್ರತಿಶತದವರೆಗೆ ಏಜೆಂಟನಿಗೆ ಸಲ್ಲುತ್ತಿತ್ತು. ಎರಡು ಮತ್ತು ಮೂರನೆಯ ವರ್ಷ 7.5 ಪ್ರತಿಶತ, ಆಮೇಲೆ 5 ಪ್ರತಿಶತ. ಹೊಸ ಪಾಲಿಸಿಗೆ ಹೆಚ್ಚು ಫಲ, ಹಳೆಯದನ್ನು ಕಾಯ್ದುಕೊಂಡು ಹೋಗುವುದಕ್ಕೆ ಕಡಿಮೆ. ಕೈಗೆಟುಕದ ಕಂತಿನ ಪಾಲಿಸಿಯನ್ನು ಬಡವರಿಗೆ ಹೊರಿಸಿದವರು, ಕಾಯಿಲೆಯನ್ನು ಅರ್ಜಿಯಲ್ಲಿ ಮರೆಮಾಚಿಸಿದವರು, ಕಾನೂನು ನಿಷೇಧಿಸಿದ್ದರೂ ಮೊದಲ ಕಂತಿನಲ್ಲಿ ರಿಯಾಯಿತಿ ಬಿಟ್ಟುಕೊಟ್ಟವರು ಈ ವೃತ್ತಿಯಲ್ಲಿ ಇದ್ದರು. ಎರಡು ಮೂರು ಕಂತಿಗೆ ನಿಂತು ಲ್ಯಾಪ್ಸ್ ಆದ ಪಾಲಿಸಿಯಲ್ಲಿ ಬಡವನ ಉಳಿತಾಯವೇ ಕರಗಿತು.

ಇನ್ನೊಂದು ತೊಡಕು ಕಂತಿನ ವಸೂಲಿಯದು. ಶಾಖೆ ದೂರ, ಬಸ್ಸು ಅಪರೂಪ. ಹಾಗಾಗಿ ಜನ ಹಣವನ್ನು ಏಜೆಂಟನ ಕೈಗೆ ಕೊಡುತ್ತಿದ್ದರು. ನಿಯಮದ ಪ್ರಕಾರ ಆತನಿಗೆ ನಿಗಮದ ಪರವಾಗಿ ಹಣ ಪಡೆಯುವ ಅಧಿಕಾರವಿರಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆ ಪ್ರಕರಣದಲ್ಲಿ ಗ್ರಾಹಕ ಕೊಟ್ಟ ಕಂತನ್ನು ಏಜೆಂಟ್ ಕಚೇರಿಗೆ ಕಟ್ಟಿದ್ದು ಆ ಗ್ರಾಹಕ ತೀರಿಕೊಂಡ ಮೇಲೆ. ಏಜೆಂಟನಿಗೆ ಕೊಟ್ಟದ್ದು ನಿಗಮಕ್ಕೆ ಕೊಟ್ಟಂತಲ್ಲ ಎಂದು ತೀರ್ಪಾಯಿತು. 1999ರಲ್ಲಿ ಅದೇ ನ್ಯಾಯಾಲಯ, ಸಂಬಳದಿಂದ ಕಂತು ಕಡಿದ ಮಾಲೀಕ ಸಂಸ್ಥೆ ಅದನ್ನು ಕಟ್ಟದಿದ್ದರೆ ನೌಕರನ ಕುಟುಂಬಕ್ಕೆ ನಷ್ಟವಾಗಬಾರದು, ಅಲ್ಲಿ ಮಾಲೀಕ ಸಂಸ್ಥೆಯೇ ನಿಗಮದ ಏಜೆಂಟ್ ಎಂದಿತು. ಕಾರ್ಖಾನೆಯ ಕಾರ್ಮಿಕನಿಗೆ ಸಿಕ್ಕ ರಕ್ಷಣೆ ಹೊಲದ ಕೂಲಿಗೆ ಸಿಗಲಿಲ್ಲ. ಕಾರ್ಮಿಕನ ರಕ್ಷಣೆಗೂ ಮಿತಿಯಿತ್ತು: ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯಂತೆ ದುಡಿಮೆಯ ಜಾಗವೇ ಮುಚ್ಚಿದಲ್ಲಿ ಸಂಬಳದೊಂದಿಗೆ ಕಡಿತವೂ ನಿಲ್ಲುತ್ತದೆ.

ಯಂತ್ರ ಬಂದ ಬಗೆ

ವಿಮೆಯಲ್ಲಿ ಯಂತ್ರಕ್ಕೆ ಮೊದಲು ಅಂಜಿದವರು ಏಜೆಂಟರಲ್ಲ, ಗುಮಾಸ್ತರು. 1960ರ ದಶಕದಲ್ಲಿ ನಿಗಮ ಕಂಪ್ಯೂಟರ್ ತರಲು ಹೊರಟಾಗ ಕೋಲ್ಕತ್ತದ ನೌಕರರು ದೀರ್ಘ ಹೋರಾಟ ಹೂಡಿದ್ದರು. 1990ರ ದಶಕದಲ್ಲಿ ಶಾಖೆಗಳ ಕೈಬರಹದ ಲೆಡ್ಜರುಗಳು ಕಂಪ್ಯೂಟರಿಗೆ ಇಳಿದವು. 1999ರ ವಿಮಾ ನಿಯಂತ್ರಣ ಕಾಯ್ದೆಯ ಬಳಿಕ ಖಾಸಗಿ ಕಂಪನಿಗಳು ಮರಳಿದವು, ಬ್ಯಾಂಕುಗಳೂ ಪಾಲಿಸಿ ಮಾರತೊಡಗಿದವು. ಆಮೇಲೆ ಬ್ಯಾಂಕ್ ಖಾತೆಯಿಂದ ನೇರ ಕಡಿತ, ಮೊಬೈಲ್ ಪಾವತಿ, ಆಧಾರ್ ಗುರುತು ಒಂದರ ಹಿಂದೊಂದು ಬಂದವು. ಕಂತು ವಸೂಲಿಯ ಕೆಲಸ ಏಜೆಂಟನ ಕೈಯಿಂದ ಜಾರಿತು.

ಮೋಟಾರು ವಿಮೆಯಲ್ಲಿ ಬದಲಾವಣೆ ಇನ್ನೂ ಬೇಗ ಆಯಿತು. ಕಲ್ಲು ಮತ್ತು ಸಿಮೆಂಟ್ ಹೊರುವ ಲಾರಿಗಳಿಂದಾಗಿ ಈ ಸೀಮೆಯಲ್ಲಿ ವಾಹನ ವಿಮೆ ಒಳ್ಳೆಯ ಕಸುಬಾಗಿತ್ತು. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ 5 ವರ್ಷ, ಹೊಸ ಕಾರಿಗೆ 3 ವರ್ಷದ ಮೂರನೇ ವ್ಯಕ್ತಿಯ ವಿಮೆ ಖರೀದಿಯ ಹೊತ್ತಿನಲ್ಲೇ ಕಡ್ಡಾಯವಾಯಿತು. ಅದು ಶೋರೂಮಿನಲ್ಲೇ ಮುಗಿಯುತ್ತದೆ. ಹಳೆಯ ಬೈಕಿನ ನವೀಕರಣ ಮೊಬೈಲಿನಲ್ಲೇ ಆಗುತ್ತದೆ. ಇಲ್ಲಿ ವಿವರಿಸಿ ಹೇಳುವಂಥದ್ದು ಕಡಿಮೆ, ಆದ್ದರಿಂದ ಯಂತ್ರ ಸುಲಭವಾಗಿ ಗೆದ್ದಿತು.

ಸರ್ಕಾರದ ದೊಡ್ಡ ಯೋಜನೆಗಳಿಗೂ ಏಜೆಂಟ್ ಬೇಕಾಗಲಿಲ್ಲ. 2015ರಲ್ಲಿ ಬಂದ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆ ವರ್ಷಕ್ಕೆ 436 ರೂಪಾಯಿಗೆ, ಸುರಕ್ಷಾ ಯೋಜನೆ 20 ರೂಪಾಯಿಗೆ, ತಲಾ 2 ಲಕ್ಷ ರೂಪಾಯಿಯ ರಕ್ಷಣೆ ಕೊಡುತ್ತವೆ. ಮೊದಲನೆಯದು ಸಹಜ ಸಾವಿಗೂ ಅನ್ವಯಿಸುತ್ತದೆ, ಎರಡನೆಯದು ಅಪಘಾತಕ್ಕೆ ಮಾತ್ರ. ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. 2016ರಿಂದ ಫಸಲ್ ಬಿಮಾ ಯೋಜನೆಯಲ್ಲಿ ತೊಗರಿಯಂಥ ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ 2 ಪ್ರತಿಶತ. ನೋಂದಣಿ ನಡೆಯುವುದು ಬ್ಯಾಂಕಿನಲ್ಲಿ, ಇಲ್ಲವೇ ಊರ ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ. ಕಡಿಮೆ ಖರ್ಚಿನಲ್ಲಿ ಕೋಟ್ಯಂತರ ಜನರನ್ನು ತಲುಪಿದ್ದು ಯಂತ್ರದ ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವಂತಿಲ್ಲ.

ಯಂತ್ರಕ್ಕೆ ದಕ್ಕದ ಭಾಗ

ವಿಮೆಯ ಪರೀಕ್ಷೆ ನಡೆಯುವುದು ಕ್ಲೇಮಿನ ದಿನ. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳನ್ನೇ ನೋಡಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗಬೇಕು. ಮಗ ಪುಣೆಯಲ್ಲಿ ಸತ್ತರೆ ಮರಣ ಪ್ರಮಾಣಪತ್ರ ಪುಣೆಯಿಂದ ಬರಬೇಕು. ಅಪಘಾತವಾಗಿದ್ದರೆ ಎಫ್‌ಐಆರ್ ಮತ್ತು ಶವಪರೀಕ್ಷೆಯ ವರದಿಯೂ ಬೇಕು, ಅವು ಮರಾಠಿಯಲ್ಲಿರಬಹುದು. ಆಧಾರಿನಲ್ಲಿ ಒಂದು ಹೆಸರು, ಬಾಂಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಕಡತ ನಿಲ್ಲುತ್ತದೆ. ಖಾತೆಯಿಂದ ತಾನಾಗಿ ಕಡಿತವಾದ ಕಂತು ಪಾಸ್‌ಬುಕ್ಕಿನಲ್ಲಿ ಒಂದು ಸಾಲು ಮಾತ್ರ. ಓದು ಬಾರದ ಹೆಂಡತಿಗೆ ವಿಮೆ ಇದೆಯೆಂಬುದೇ ಗೊತ್ತಾಗದೆ ಹೋಗಬಹುದು. ಮನೆಗೆ ಬಂದು ಬಾಂಡ್ ಕೊಟ್ಟ ಏಜೆಂಟ್ ಇದ್ದಲ್ಲಿ ಕೊನೆಯ ಪಕ್ಷ ಯಾರನ್ನು ಕೇಳಬೇಕು ಎಂಬುದಾದರೂ ಅವಳಿಗೆ ತಿಳಿದಿರುತ್ತದೆ.

ಈ ಮಾತಿಗೆ ಲೆಕ್ಕದ ಆಧಾರವೂ ಇದೆ. 2023–24ರಲ್ಲಿ ಜೀವವಿಮಾ ನಿಗಮದಲ್ಲಿ ಅವಧಿ ಮುಗಿದೂ ಯಾರೂ ಕೇಳದೆ ಉಳಿದ ಹಣ 880 ಕೋಟಿ ರೂಪಾಯಿಗೂ ಹೆಚ್ಚು, ಪಾಲಿಸಿದಾರರು ಸುಮಾರು 3.72 ಲಕ್ಷ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಇದು ಮಾರಿದ ಪಾಲಿಸಿಗಳ ಹಣ. ಮಾರಿದ ಮೇಲೆ ಜೊತೆಗಿರುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆ ಮೊತ್ತ ಹೇಳುತ್ತದೆ.

ಮುಂದಿನ ದಾರಿ

ಬ್ರಿಟನ್ನಿನಲ್ಲಿ ಪ್ರುಡೆನ್ಶಿಯಲ್ ಕಂಪನಿಯ ಏಜೆಂಟರು 1854ರಿಂದ ಕಾರ್ಮಿಕರ ಮನೆಮನೆಗೆ ಹೋಗಿ ಪುಡಿ ಕಂತು ವಸೂಲು ಮಾಡುತ್ತಿದ್ದರು. ಬ್ಯಾಂಕ್ ಖಾತೆ ಎಲ್ಲರಿಗೂ ಬಂದ ಮೇಲೆ, ಇಪ್ಪತ್ತನೇ ಶತಮಾನದ ಕೊನೆಗೆ, ಆ ಪದ್ಧತಿ ಅಳಿಯಿತು. ವಸೂಲಿಯನ್ನೇ ನೆಚ್ಚಿದ ಏಜೆಂಟ್ ವೃತ್ತಿ ಇಲ್ಲಿಯೂ ಉಳಿಯುವುದಿಲ್ಲ.

ಬದಲಾವಣೆಯ ಕುರುಹುಗಳು ಈಗಾಗಲೇ ಕಾಣುತ್ತಿವೆ. 2020ರ ನವೆಂಬರಿನಲ್ಲಿ ನಿಗಮ ಏಜೆಂಟರಿಗಾಗಿ ‘ಆನಂದ’ ಎಂಬ ಆ್ಯಪ್ ತಂದಿತು, ಕಾಗದವಿಲ್ಲದೆ ಅರ್ಜಿ ತುಂಬುವ ದಾರಿ ತೆರೆಯಿತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ‘ಬಿಮಾ ಸುಗಮ್’ ಎಂಬ ಆನ್‌ಲೈನ್ ವಿಮಾ ಪೇಟೆಗೆ ನಿಯಮ ರೂಪಿಸಿತು. ಅದೇ ವರ್ಷ ಡಿಸೆಂಬರ್ 9ರಂದು ಪಾಣಿಪತ್ತಿನಲ್ಲಿ ನಿಗಮದ ‘ಬಿಮಾ ಸಖಿ’ ಯೋಜನೆ ಆರಂಭವಾಯಿತು. ಹತ್ತನೇ ತರಗತಿ ಪಾಸಾದ, 18ರಿಂದ 70 ವರ್ಷದ ಮಹಿಳೆಯರು ಏಜೆಂಟರಾಗಬಹುದು; ಮೂರು ವರ್ಷ ಅನುಕ್ರಮವಾಗಿ ತಿಂಗಳಿಗೆ 7,000, 6,000 ಮತ್ತು 5,000 ರೂಪಾಯಿವರೆಗೆ ಗೌರವಧನವಿದೆ. ಎರಡನೆಯ ವರ್ಷದ ಹಣ ಸಿಗಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ 65 ಪ್ರತಿಶತವಾದರೂ ಚಾಲ್ತಿಯಲ್ಲಿರಬೇಕು. ಹೊಸದನ್ನು ಮಾರುವುದರ ಜೊತೆಗೆ ಹಳೆಯದನ್ನು ಉಳಿಸುವುದಕ್ಕೂ ಬೆಲೆ ಕಟ್ಟಿದ ಈ ಷರತ್ತು ಸರಿಯಾದ ದಿಕ್ಕಿನದು.

ಸೇಡಂ–ಚಿಂಚೋಳಿ ಸೀಮೆಗೆ ಇದರ ಅರ್ಥ ಸ್ಪಷ್ಟ. ಬೆಲೆ ಹೋಲಿಸುವುದು, ಅರ್ಜಿ ರವಾನಿಸುವುದು, ಕಂತು ಕಟ್ಟಿಸಿಕೊಳ್ಳುವುದು ಯಂತ್ರದ ಪಾಲಾಗಿವೆ, ಮರಳಿ ಬರುವುದಿಲ್ಲ. ಜನರ ಮಾತಿನಲ್ಲಿ ವಿವರಿಸುವುದು, ನಾಮಿನಿಯ ಹೆಸರು ಸರಿಯಿದೆಯೇ ನೋಡುವುದು, ಸಾವಿನ ಮನೆಯ ಕಾಗದಪತ್ರ ಜೋಡಿಸುವುದು ಏಜೆಂಟನ ಬಳಿ ಉಳಿದಿವೆ. ಈ ಕೆಲಸಕ್ಕೆ ನೇರವಾಗಿ ಸಲ್ಲುವ ಕಮಿಷನ್ ಮಾತ್ರ ಇನ್ನೂ ಇಲ್ಲ. ಅದಕ್ಕೂ ನ್ಯಾಯವಾದ ಪ್ರತಿಫಲ ನಿಗದಿಯಾದರೆ ಈ ವೃತ್ತಿ ಚಿಕ್ಕದಾದರೂ ಗಟ್ಟಿಯಾಗಿ ಉಳಿಯುತ್ತದೆ. ಆಗದಿದ್ದರೆ ಏಜೆಂಟ್ ಮರೆಯಾಗುತ್ತಾನೆ, ಅದರ ನಷ್ಟವನ್ನು ಮೊದಲು ಹೊರುವವರು ಓದು ಬಾರದ ನಾಮಿನಿಗಳು.