ಕಲ್ಲಿನಲ್ಲಿ ಕಂಡ ವಾಲ್ಟೇರ್

ಫ್ರಾನ್ಸಿನ ಮಹಾಕ್ರಾಂತಿಯ ಪಾಠದಲ್ಲಿ ವಾಲ್ಟೇರ್, ರೂಸೋ, ಮಾಂಟೆಸ್ಕ್ಯೂ ಎಂಬ ಹೆಸರುಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಅಮೆರಿಕಕ್ಕೆ ಹೋಗಿದ್ದೆ. ಅಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ವಾಲ್ಟೇರನ ಮುಖವನ್ನೇ ನೋಡುವ ಅವಕಾಶ ಸಿಕ್ಕಿತು. ಅದು 1778ರಲ್ಲಿ ಫ್ರೆಂಚ್ ಶಿಲ್ಪಿ ಊಡಾನ್ ಮಾಡಿದ ಅಮೃತಶಿಲೆಯ ಪ್ರತಿಮೆ.

ಆ ವರ್ಷದ ಫೆಬ್ರವರಿಯಲ್ಲಿ 83 ವರ್ಷದ ವಾಲ್ಟೇರ್ ಸುಮಾರು 28 ವರ್ಷಗಳ ನಂತರ ಪ್ಯಾರಿಸ್ಸಿಗೆ ಮರಳಿದ್ದನು. ಊಡಾನ್ ಅವನನ್ನು ಎದುರಿಗೆ ಕೂರಿಸಿಕೊಂಡು ಮುಖವನ್ನು ರೂಪಿಸಿದನು. ಮೇ 30ರಂದು ವಾಲ್ಟೇರ್ ತೀರಿಕೊಂಡನು.

ಆಗ ಯೂರೋಪಿನ ಕಲೆ ಪ್ರಾಚೀನ ಗ್ರೀಸ್, ರೋಮ್‌ಗಳ ಸರಳತೆಯತ್ತ ತಿರುಗಿತ್ತು. ಇದನ್ನೇ ನವಶಾಸ್ತ್ರೀಯ ಶೈಲಿ ಎನ್ನುತ್ತಾರೆ. ಊಡಾನ್ 1764ರಿಂದ 1768ರವರೆಗೆ ರೋಮ್‌ನಲ್ಲಿದ್ದು ಕಲಿತವನು. ವಾಲ್ಟೇರನ ಪ್ರತಿಮೆಯನ್ನು ಅವನು ಹಲವು ಬಗೆಯಲ್ಲಿ ಮಾಡಿದನು. ಕೆಲವದರಲ್ಲಿ ವಿಗ್ ಇದೆ, ಆ ಕಾಲದ ಉಡುಪಿದೆ. ನಾನು ನೋಡಿದ್ದರಲ್ಲಿ ಬೋಳು ತಲೆ, ಬರಿ ಕೊರಳು ಅಷ್ಟೇ. ಅಂತಸ್ತು ತೋರಿಸುವುದೆಲ್ಲ ಹೋದ ಮೇಲೆ ಉಳಿಯುವುದು ಮುಖ ಮಾತ್ರ. ವಯಸ್ಸನ್ನೂ ಶಿಲ್ಪಿ ಮುಚ್ಚಿಟ್ಟಿಲ್ಲ. ಕೆನ್ನೆ ಬತ್ತಿದೆ, ತುಟಿ ಒಳಸರಿದಿದೆ. ಆ ತೆಳು ತುಟಿಯ ಅಂಚಿನಲ್ಲೇ ಒಂದು ಕೊಂಕುನಗೆ.

ಅಮೃತಶಿಲೆಗೆ ಇರುವುದು ಒಂದೇ ಬಣ್ಣ. ಕಣ್ಣಿನ ಕಪ್ಪನ್ನು ತೋರಿಸುವುದು ಹೇಗೆ? ಊಡಾನ್ ಕಣ್ಣುಗುಡ್ಡೆಯ ನಡುವೆ ಆಳವಾಗಿ ಕೊರೆದು ನೆರಳು ನಿಲ್ಲುವಂತೆ ಮಾಡಿದನು. ಅದರಲ್ಲಿ ಕಲ್ಲಿನ ಸಣ್ಣ ಚೂರೊಂದನ್ನು ಉಳಿಸಿದನು. ಅದರ ಮೇಲೆ ಬೆಳಕು ಬಿದ್ದಾಗ ಕಣ್ಣು ಮಿನುಗುತ್ತದೆ. ದೇಹ ಸೋತಿದೆ, ಬುದ್ಧಿ ಸೋತಿಲ್ಲ ಎಂಬುದನ್ನು ಆ ಮಿನುಗೇ ಹೇಳುತ್ತದೆ.

ಆ ನಗೆ ಬರಿಯ ಗೇಲಿಯೇ? ಇಲ್ಲಿ ಇತಿಹಾಸ ನೆರವಿಗೆ ಬರುತ್ತದೆ. 1762ರಲ್ಲಿ ತುಲೂಸ್ ನಗರದ ಕಲಾಸ್ ಎಂಬ ಪ್ರೊಟೆಸ್ಟೆಂಟ್ ವ್ಯಾಪಾರಿಗೆ, ಕ್ಯಾಥೊಲಿಕ್ ಮತಕ್ಕೆ ಸೇರಲಿದ್ದ ಮಗನನ್ನು ಕೊಂದನೆಂಬ ಆರೋಪದ ಮೇಲೆ ಮರಣದಂಡನೆಯಾಯಿತು. ಇದು ಅನ್ಯಾಯವೆಂದು ಮನಗಂಡ ವಾಲ್ಟೇರ್ ಪತ್ರಗಳನ್ನೂ ಪುಸ್ತಕವನ್ನೂ ಬರೆದು ಹೋರಾಡಿದನು. 1765ರಲ್ಲಿ ಕಲಾಸ್ ನಿರಪರಾಧಿಯೆಂದು ತೀರ್ಪು ಬಂತು. ಸತ್ತವನು ಮರಳಲಿಲ್ಲ, ಆದರೆ ಅವನ ಕುಟುಂಬಕ್ಕೆ ಅಂಟಿದ್ದ ಕಳಂಕ ಹೋಯಿತು. ತನಗೆ ಸಂಬಂಧವೇ ಇಲ್ಲದ ಮನೆಯವರಿಗಾಗಿ ಮೂರು ವರ್ಷ ಹಟ ಹಿಡಿದವನ ನಗೆ ಅದು ಎಂದು ತಿಳಿದು ನೋಡಿದರೆ, ಕೊಂಕಿನ ಹಿಂದಿನ ಗಟ್ಟಿತನವೂ ಕಾಣುತ್ತದೆ.

ನಮ್ಮ ಶಾಲೆಯ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಯಾರದೇ ಪ್ರತಿಮೆ ಕಂಡರೂ ಹಾರ, ಪೇಟ, ಫಲಕಗಳಲ್ಲೇ ನಿಲ್ಲಬೇಡಿ. ಕಣ್ಣು, ಬಾಯಿ ನೋಡಿ. ಆಮೇಲೆ ಅವರು ಯಾರ ಪರವಾಗಿ ನಿಂತರು ಎಂದು ಓದಿ, ಇನ್ನೊಮ್ಮೆ ಹೋಗಿ ನೋಡಿ.