ಗಾಳ ಹಿಡಿದ ಸಮುರಾಯ್‌ಗಳು

ಯುದ್ಧವೇ ಇಲ್ಲದ ನಾಡಿನಲ್ಲಿ ಯೋಧರಿಗೆ ಏನು ಕೆಲಸ ಕೊಡುವುದು? ಟೊಕುಗಾವ ಶೋಗನ್‌ಗಳ ಆಳ್ವಿಕೆ ನೆಲೆಯೂರಿದ ಮೇಲೆ ಜಪಾನಿನ ದೊರೆಗಳನ್ನು ಕಾಡಿದ ಪ್ರಶ್ನೆ ಇದು. ಸಮುರಾಯ್‌ಗಳಿಗೆ ಸಂಬಳದ ಅಕ್ಕಿ ಬರುತ್ತಿತ್ತು, ಸೊಂಟದಲ್ಲಿ ಎರಡೆರಡು ಕತ್ತಿಗಳಿದ್ದವು, ಕಾದಾಡಲು ಶತ್ರು ಮಾತ್ರ ಇರಲಿಲ್ಲ. ದೇಶದ ಈಶಾನ್ಯ ಭಾಗದ ಶೋನಾಯ್ ಸಂಸ್ಥಾನ ತನ್ನ ಯೋಧರನ್ನು ಕಡಲಬಂಡೆಗಳ ಮೇಲೆ ಹತ್ತಿಸಿ ಗಾಳ ಹಾಕಿಸಿತು.

1622ರಿಂದ ಇಲ್ಲಿ ಆಳಿದ್ದು ಸಕಾಯ್ ಮನೆತನ. ರಾಜಧಾನಿ ತ್ಸುರುಓಕ ಭತ್ತದ ಬಯಲಿನಲ್ಲಿದೆ. ಕಾಮೊ, ಯುರಾ ಮುಂತಾದ ಕಡಲೂರುಗಳಿಗೆ ಹತ್ತು ಹದಿನೈದು ಕಿಲೋಮೀಟರ್ ದಾರಿ, ನಡುವೆ ಗುಡ್ಡಸಾಲು. ಯೋಧರು ಉದ್ದನೆಯ ಗಾಳದ ಕೋಲು ಹೊತ್ತು ರಾತ್ರಿಯೇ ಹೊರಟು, ಕತ್ತಲಲ್ಲಿ ಗುಡ್ಡ ದಾಟಿ, ಬೆಳಕು ಹರಿಯುವ ಹೊತ್ತಿಗೆ ಬಂಡೆಯ ಮೇಲಿರಬೇಕು. ಕಾಲಿಗೆ ಕಸುವು, ಮನಸ್ಸಿಗೆ ಗಟ್ಟಿತನ ಬರಲೆಂದು ಸಂಸ್ಥಾನವೇ ಇದನ್ನು ಪ್ರೋತ್ಸಾಹಿಸಿತು. ಮೋಜಿಗೆ ಮೇಲಿನವರ ಒಪ್ಪಿಗೆ ಇಷ್ಟು ಸಲೀಸಾಗಿ ಸಿಕ್ಕಿದ್ದು ಅಪರೂಪವೇ ಸರಿ.

ಎಲ್ಲ ಕಾಲಕ್ಕೂ ಹಾಗಿರಲಿಲ್ಲ. ಹದಿನೇಳನೆಯ ಶತಮಾನದ ಕೊನೆಗೆ ಶೋಗನ್ ತ್ಸುನಾಯೋಶಿ ಹೊರಡಿಸಿದ ಜೀವದಯೆಯ ಕಟ್ಟಳೆಗಳಿಂದ ಶೋಗನ್‌ಗಳ ರಾಜಧಾನಿ ಎಡೋದಲ್ಲಿ (ಇಂದಿನ ಟೋಕಿಯೊ) ಗಾಳ ಹಾಕುವುದೂ ಅಪರಾಧವಾಗಿತ್ತು. 1709ರಲ್ಲಿ ಆತ ತೀರಿಕೊಂಡ ಮೇಲೆ ಆ ಕಟ್ಟಳೆಗಳು ಬಿದ್ದುಹೋದವು. 1723ರಲ್ಲಿ ತ್ಸುಗಾರು ಉನೆಮೆ ಎಂಬ ಸಮುರಾಯ್ ‘ಕಾಸೆನ್‌ರೊಕು’ ಬರೆದ; ಜಪಾನಿನಲ್ಲಿ ಗಾಳದ ಮೀನುಗಾರಿಕೆಯ ಅತ್ಯಂತ ಹಳೆಯ ಪುಸ್ತಕ ಅದೇ ಎನ್ನುತ್ತಾರೆ. ಆತನ ಆಸಕ್ತಿಯೆಲ್ಲ ಕಿಸು ಮೀನಿನ ಮೇಲೆ. ನಮ್ಮ ಕರಾವಳಿಯ ಊಟದ ಮನೆಗಳಲ್ಲಿ ರವೆ ಹಚ್ಚಿ ಕಾಯಿಸುವ ಕಾಣೆ ಅದರ ಬಳಗದ್ದೇ. ಆದರೆ ಕಿಸುವಿನದು ಎಡೋ ಕೊಲ್ಲಿಯ ಶಾಂತ ನೀರಿನಲ್ಲಿ, ದೋಣಿಯಲ್ಲಿ ಕೂತು ಮಾಡುವ ಬೇಟೆ.

ಶೋನಾಯ್‌ನವರ ಗುರಿ ಕುರೊದಾಯ್, ಅಂದರೆ ಕಪ್ಪು ಬ್ರೀಮ್. ಬಂಡೆಗೆ ಅಂಟಿದ ಚಿಪ್ಪುಗಳನ್ನೂ ಏಡಿಗಳನ್ನೂ ಅರೆದು ತಿನ್ನುವ ಗಟ್ಟಿ ಹಲ್ಲಿನ ಮೀನು; ಎಳೆಯದಾಗಿದ್ದಾಗ ಗಂಡು, ಬೆಳೆದಂತೆ ಬಹುಪಾಲು ಹೆಣ್ಣಾಗುತ್ತದೆ. ಮಹಾ ಸಂಶಯದ ಪ್ರಾಣಿ. ತಿಳಿನೀರಿನಲ್ಲಿ ಎರೆಯನ್ನು ಮೂಸಿಯೂ ನೋಡದು. ತೆರೆ ಬಂಡೆಗೆ ಅಪ್ಪಳಿಸಿ ಬಿಳಿ ನೊರೆ ಹರಡಿದಾಗ ಮಾತ್ರ ಧೈರ್ಯ ಮಾಡಿ ದಡದ ಹತ್ತಿರ ಬರುತ್ತದೆ. ಮೀನು ಚೆನ್ನಾಗಿ ಸಿಗುವ ಹೊತ್ತೂ ಬಂಡೆಯ ಮೇಲೆ ನಿಲ್ಲಬಾರದ ಹೊತ್ತೂ ಒಂದೇ. ಇದು ಯೋಧರಿಗೆ ತಕ್ಕ ಆಟವೆಂದು ಸಂಸ್ಥಾನಕ್ಕೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇದರ ಜೊತೆಗೆ ಮೆಬಾರು, ಐನಾಮೆ, ಕಡಲ ತನಾಗೊಗಳಂಥ ಸಣ್ಣ ಬಂಡೆಮೀನುಗಳೂ, ಅದೃಷ್ಟವಿದ್ದರೆ ಕೆಂಪು ಬ್ರೀಮೂ ಸಿಗುತ್ತಿದ್ದವು. ಚಳಿಗಾಲದ ವಾಯವ್ಯ ಗಾಳಿ ಎದ್ದಿತೆಂದರೆ ಕಡಲಿನ ಅಬ್ಬರವೇ ಬೇರೆ.

ದಾರವನ್ನು ಕೋಲಿನ ತುದಿಗೇ ಕಟ್ಟುತ್ತಿದ್ದರು. ಸುತ್ತಿ ಎಳೆಯುವ ರಾಟೆ ಇರಲಿಲ್ಲ. ಅರ್ಧ ಮೀಟರಿನ, ಎರಡು ಕಿಲೋ ತೂಗುವ ಮೀನು ಬಂಡೆಯ ಸಂದಿಗೆ ನುಗ್ಗಿದರೆ ಅದರ ಸೆಳೆತವನ್ನೆಲ್ಲ ಕೋಲೊಂದೇ ಬಾಗಿ ತಡೆಯಬೇಕು. ಹಾಗಾಗಿ ಇಲ್ಲಿನ ಕಲೆಯೆಲ್ಲ ಕೋಲಿಗೇ ಸುರಿಯಿತು. ನಿಗಾತಕೆ ಎಂಬ ಸ್ಥಳೀಯ ಬಿದಿರನ್ನು ಬೇರಿನ ಗೆಣ್ಣಿನ ಸಮೇತ ಕಿತ್ತು, ಒಣಗಿಸಿ, ಬೆಂಕಿಗೆ ಹಿಡಿದು ಗೆಣ್ಣು ಗೆಣ್ಣಾಗಿ ನೆಟ್ಟಗೆ ಮಾಡುತ್ತಾರೆ. ಬಿದಿರು ಮತ್ತೆ ಡೊಂಕಾಗುತ್ತದೆ. ಮತ್ತೆ ಬೆಂಕಿ, ಮತ್ತೆ ತಿದ್ದುವುದು. ಹೀಗೆ ಮೂರ್ನಾಲ್ಕು ವರ್ಷ. ಅರಗು, ಬಣ್ಣ ಯಾವುದೂ ಇಲ್ಲ; ಹೊಗೆ ಹಿಡಿದು, ಕೈ ಸವರಿ ಬಂದ ಹೊಳಪಷ್ಟೇ. ಇಡೀ ಕೋಲು ಒಂದೇ ತುಂಡು. ಹೆಸರಾಂತ ಕೋಲುಗಾರ ಸುಯಾಮ ಉನ್‌ಪೇಯ್ ಸ್ವತಃ ಸಮುರಾಯ್. ಇಂಥ ಕೋಲನ್ನು ಮನೆಯ ಕತ್ತಿಯಷ್ಟೇ ಜೋಪಾನ ಮಾಡುತ್ತಿದ್ದರು.

ಹಿಡಿದ ಮೀನಿನ ಗಾತ್ರದ ಬಗ್ಗೆ ಗಾಳದವರ ಮಾತನ್ನು ಯಾರೂ ನಂಬುವುದಿಲ್ಲ, ಅಲ್ಲಿಯೂ ನಂಬಿರಲಾರರು. ಮೀನಿನ ಮೈಗೆ ಮಸಿ ಬಳಿದು ಮೇಲೆ ಕಾಗದ ಒತ್ತಿದರೆ ಹುರುಪೆ ಹುರುಪೆಯೂ ಮೂಡುತ್ತದೆ. ಪಕ್ಕದಲ್ಲಿ ದಿನಾಂಕ, ಸ್ಥಳ, ಹಿಡಿದವನ ಹೆಸರು ಬರೆದರೆ ಮುಗಿಯಿತು, ವಾದಕ್ಕೆ ಎಡೆಯಿಲ್ಲ. ‘ಗ್ಯೊತಾಕು’ ಎಂಬ ಈ ಮೀನಚ್ಚುಗಳಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯದು ತ್ಸುರುಓಕದಲ್ಲಿದೆ, 1839ನೆಯ ಇಸವಿಯದು. ತಮಾಷೆಯೆಂದರೆ ಅದು ಕಡಲ ಮೀನಲ್ಲ, ಎಡೋದ ಕಾಲುವೆಯೊಂದರಲ್ಲಿ ಸಿಕ್ಕ ಕೆರೆಮೀನು! ಬಂಡೆಯ ಬ್ರೀಮ್‌ಗಳ ಅಚ್ಚುಗಳು ಅದರ ನಂತರದವು.

1868ರ ಅಂತರ್ಯುದ್ಧದಲ್ಲಿ ಶೋನಾಯ್ ಶೋಗನ್ ಆಳ್ವಿಕೆಯನ್ನು ಕೊನೆಗಾಣಿಸಿದ ಹೊಸ ಸರ್ಕಾರದ ವಿರುದ್ಧ ಕಾದಾಡಿ ಶರಣಾಯಿತು. 1871ರಲ್ಲಿ ಸಂಸ್ಥಾನಗಳೇ ರದ್ದಾದವು. ಕತ್ತಿಗಳು ಸೊಂಟದಿಂದ ಇಳಿದವು, ಗಾಳದ ಕೋಲು ಮಾತ್ರ ಊರವರ ಕೈಗೆ ದಾಟಿತು. 1924ರ ಹೊತ್ತಿಗೆ ಕರಾವಳಿಗುಂಟ ಉಯೆತ್ಸು ರೈಲುಮಾರ್ಗ ಪೂರ್ತಿಯಾಯಿತು. ಉದ್ದನೆಯ ಒಂಟಿಕೋಲನ್ನು ರೈಲಿಗೆ ಹತ್ತಿಸುವುದು ಹೇಗೆ? ಕೋಲುಗಾರರು ಅದನ್ನು ಕತ್ತರಿಸಿ ಹಿತ್ತಾಳೆಯ ಕೊಳವೆಯಿಂದ ಜೋಡಿಸುವ ಉಪಾಯ ಹೂಡಿದರು. ಮುಂದೆ ಗಾಜಿನೆಳೆ, ಕಾರ್ಬನ್ ಕೋಲುಗಳು ಬಂದಾಗ ಯಾವ ಉಪಾಯವೂ ನಡೆಯಲಿಲ್ಲ.

ಹಳೆಯ ಕೋಲುಗಳನ್ನು ನೋಡಬೇಕಾದರೆ ತ್ಸುರುಓಕದ ಚಿದೊ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಸಕಾಯ್ ಮನೆತನವೇ 1950ರಲ್ಲಿ ಸ್ಥಾಪಿಸಿದ್ದು. ಟೋಕಿಯೊ, ಕ್ಯೋಟೊ ಮುಗಿಸಿ ಒಂದು ದಿನ ಉಳಿದರೆ ನೀಗಾಟದಿಂದ ಉತ್ತರಕ್ಕೆ ಹೋಗುವ ‘ಇನಾಹೊ’ ರೈಲು ಹತ್ತಿ, ಎಡಗಡೆಯ ಕಿಟಕಿಯ ಸೀಟನ್ನೇ ಕೇಳಿ ಪಡೆಯಿರಿ. ಮುರಾಕಾಮಿ ದಾಟಿದ ಮೇಲೆ ಬಂಡೆಗಳು ಹಳಿಯ ಪಕ್ಕದಲ್ಲೇ ಇವೆ.